ಬಿದಿರ ಎಳೆಯೊಳಗಿನ ಬೆರಳು

ಚಿಟ್. ಬಿದಿರಿನ ಎಳೆ ತುಂಡಾಗುವ ಸದ್ದು. ಇಂಡೊನೇಷ್ಯಾದ ಬಾಂತುಲ್‌ನ ಈ ಓಣಿಯಲ್ಲಿ ಮಸೀದಿಯ ಮೊದಲ ಕರೆಗೂ ಮುಂಚೆ ಕೇಳುವುದು ಇದೊಂದೇ. ಬು ಸಾರ್ಮಿಯವರ, ಅಂದರೆ ಸಾರ್ಮಿ ಅಮ್ಮನವರ, ತೆಂಪೆ ಮನೆಯಲ್ಲಿ ವಿನಾರ್ತಿ ಕೆಲಸಕ್ಕೆ ಕೂತಿದ್ದಾಳೆ. ಬೆಂದು ತಣಿದ ಸೋಯಾ ಕಾಳಿಗೆ ಹುದುಗು ಬೆರೆಸಿ, ಬಾಳೆಎಲೆಯಲ್ಲಿ ಮಡಿಸಿ, ಎಳೆ ಸುತ್ತಿ ಗಂಟು ಹಾಕುತ್ತಾಳೆ. ಎರಡು ದಿನದಲ್ಲಿ ಕಾಳೆಲ್ಲ ಬಿಳಿ ಬೂಷ್ಟಿನಲ್ಲಿ ಹೆಣೆದುಕೊಂಡು ಗಟ್ಟಿ ಬಿಲ್ಲೆಯಾಗುತ್ತದೆ. ಊರು ಅದನ್ನು ಕರಿದು ತಿನ್ನುತ್ತದೆ. ಕಟ್ಟಿದವರ ಹೆಸರು ಕೇಳುವುದಿಲ್ಲ.

ಹಗಲಿನಲ್ಲಿ ಆಕೆ ಗಣಿತದ ವಿದ್ಯಾರ್ಥಿನಿ. ತಂಗಿಯ ವಯಸ್ಸಿನವರ ಜೊತೆ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ, ಕೈ ಹುದುಗಿನ ವಾಸನೆ ಹೊಡೆಯುತ್ತದೇನೋ ಎಂಬ ಅಂಜಿಕೆಯಿಂದ. ಬೇರೆಲ್ಲ ವಿಷಯ ಪಾಸಾಗಿದೆ. ಉಳಿದದ್ದು ಕಾಂಪ್ಲೆಕ್ಸ್ ಅನಾಲಿಸಿಸ್ ಒಂದೇ, ಅದರಲ್ಲಿ ಮೊದಲೇ ಎರಡು ಸಲ ಫೇಲು. ಏಳು ವರ್ಷದೊಳಗೆ ಪದವಿ ಮುಗಿಸದಿದ್ದರೆ ಕಾಲೇಜು ಹೆಸರು ತೆಗೆದುಹಾಕುತ್ತದೆ. ಇದು ಏಳನೆಯ ವರ್ಷ.

“ಮೊದಲ ವಾರ ಚೆನ್ನಾಗಿತ್ತು ಅಕ್ಕ” ಎನ್ನುತ್ತಾಳೆ, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬರೆದುಕೊಳ್ಳುತ್ತಿರುವ ನನಗೆ. “ಈ ಸಂಖ್ಯೆಗಳು ಗೆರೆ ಮೇಲಲ್ಲ, ಬಯಲಲ್ಲಿ ಇರ್ತವೆ ಅಂದ್ರು. ಬಯಲಲ್ಲಿ ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದ್ರೆ, ದಾರೀಲಿ ಕೂಡಿದ್ದೆಲ್ಲ ಸೊನ್ನೆ ಅಂದ್ರು. ಅದು ಮನಸ್ಸಿಗೆ ಹತ್ತಿಬಿಡ್ತು. ನಾನೂ ದಿನಾ ಹಂಗೇ ಅಲ್ವಾ, ಎಲ್ಲೆಲ್ಲೋ ಸುತ್ತಿ ಇಲ್ಲಿಗೇ ಬರೋದು.”

ಆ ಮಾತಿಗೊಂದು ಷರತ್ತಿದೆ: ಸುತ್ತಿನ ಒಳಗೆ ಎಲ್ಲೂ, ಸೊನ್ನೆಯಿಂದ ಭಾಗಿಸಿದಾಗ ಆಗುವಂತೆ, ಸೂತ್ರ ಮುರಿದುಬೀಳಬಾರದು. ಮುರಿಯುವ ಬಿಂದು ಒಂದಿದ್ದರೂ ಉತ್ತರ ಸೊನ್ನೆಯಾಗಬೇಕಿಲ್ಲ. ಮೂರನೆಯ ಸಲದ ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಅದೇ ಬಂತು. ವಿನಾರ್ತಿ ವೃತ್ತ ನೋಡಿದಳು, ಒಳಗೆ ನೋಡಲಿಲ್ಲ. ಸೊನ್ನೆ ಎಂದು ಬರೆದು, ನಿರಾಳವಾಗಿ ಪೆನ್ನು ಕೆಳಗಿಟ್ಟಳು.

“ಏನಮ್ಮಾ ಪ್ರೊಫೆಸರ್, ಗಂಟು ಸಡಿಲ ಆಗ್ತಿದೆ!” ಒಲೆಯ ಬಳಿಯಿಂದ ಒಡತಿ ಬು ಸಾರ್ಮಿ ಕೂಗುತ್ತಾರೆ. “ಲೆಕ್ಕ ತಪ್ಪಿದ್ರೆ ಸೊನ್ನೆ ಕೊಡ್ತಾರೆ, ಗಂಟು ತಪ್ಪಿದ್ರೆ ನನ್ನ ಕಾಳು ಕೊಳೆಯತ್ತೆ!”

ವಿನಾರ್ತಿ ನಕ್ಕ ಹಾಗೆ ಮಾಡುತ್ತಾಳೆ. ನಿನ್ನೆ ಸಂಜೆ ಮೊಬೈಲಿಗೆ ಫಲಿತಾಂಶ ಬಂದಿದೆ: ಮತ್ತೆ ಫೇಲು, ಕಾಲೇಜಿನ ಪಟ್ಟಿಯಿಂದ ಹೆಸರೂ ಹೋಗಿದೆ. ಅದನ್ನು ತೋರಿಸಿದ್ದು ನನಗೊಬ್ಬಳಿಗೆ. “ನಿಮ್ಮ ಭಾಷೆ ಇಲ್ಲಿ ಯಾರೂ ಓದಲ್ಲ, ಬರ್ಕೊಳ್ಳಿ. ಹೆಸರು ಮಾತ್ರ ಬೇರೆ ಹಾಕಿ” ಎಂದಳು. ಹಾಕಿದ್ದೇನೆ. ಆದರೂ ಓಣಿಯ ಗುರುತು ಬರೆಯುವಾಗ ಕೈ ತಡೆಯುತ್ತದೆ.

ಇನ್ನೊಂದು ಅವಕಾಶ ಕೊಡಿ ಎಂದು ಅಧ್ಯಾಪಕರನ್ನು ಕೇಳಿ ನೋಡಬಹುದಿತ್ತಲ್ಲ ಎನ್ನುತ್ತೇನೆ.

“ರಾತ್ರಿನೇ ಅವರ ಮನೆಗೆ ಹೋಗಿದ್ದೆ. ‘ನಿಯಮ ನನ್ನ ಕೈಲಿಲ್ಲಮ್ಮ’ ಅಂದ್ರು. ಟೀ ಕುಡಿಸಿ ಕಳಿಸಿದ್ರು.”

ಆಮೇಲೆ ದನಿ ಇನ್ನೂ ತಗ್ಗಿಸಿ, “ಇದು ನೋಡಿ” ಎನ್ನುತ್ತಾಳೆ. ಬಿದಿರ ಎಳೆಯನ್ನು ಕುಣಿಕೆ ಮಾಡಿ ತುದಿ ಎಳೆಯುತ್ತಾಳೆ. ಖಾಲಿ ಕುಣಿಕೆ ಕಿರಿದಾಗುತ್ತ ಹೋಗಿ ಇಲ್ಲವಾಗುತ್ತದೆ. ಇನ್ನೊಂದು ಕುಣಿಕೆಯೊಳಗೆ ಬೆರಳಿಟ್ಟು ಎಳೆಯುತ್ತಾಳೆ. ಎಳೆ ಬೆರಳನ್ನು ಕಚ್ಚಿ ನಿಲ್ಲುತ್ತದೆ.

“ಒಳಗೆ ಏನಾದ್ರೂ ಇದ್ರೆ ಕುಣಿಕೆ ಮಾಯ ಆಗಕ್ಕೆ ಬಿಡಲ್ಲ. ಇಷ್ಟೇ ಅಕ್ಕ, ಇಷ್ಟೇ. ಈಗ್ತಾನೆ ಗಂಟು ಹಾಕೋವಾಗ ಬೆರಳು ಸಿಕ್ಕೊಳ್ತು, ಹೊಳೀತು. ಇಷ್ಟು ವರ್ಷದಿಂದ ಇದನ್ನೇ ಕಟ್ಟಿದೀನಿ. ಹೆಸರು ಹೋದ ಮಾರನೇ ದಿನ ಹೊಳೀಬೇಕಾ?”

ಬಾಗಿಲಲ್ಲಿ ತಾಯಿ ತುಮಿರಾ. ಸಂತೆಗೆ ಒಯ್ಯಲು ಹದವಾದ ಪೊಟ್ಟಣಗಳನ್ನು ಬುಟ್ಟಿಗೆ ತುಂಬಿಕೊಳ್ಳಲು ಬಂದಿದ್ದಾರೆ. ಸೊಂಟದ ಗಂಟಿನಲ್ಲಿ ಹಸಿ ಅರಿಶಿನದ ಕೊಂಬು.

“ರಿಸಲ್ಟ್ ಬಂತೇನೇ?”

“ಇನ್ನೂ ಇಲ್ಲಮ್ಮ.”

“ಬಂದೇ ಬರತ್ತೆ ಬಿಡು. ಭಾನುವಾರ ನೀನು ಪಾಸಾದ ಖುಷಿಗೆ ಹಳದಿ ಅನ್ನ, ಊಟಕ್ಕೆ ಓಣಿಯೋರಿಗೆಲ್ಲ ಹೇಳಿ ಆಯ್ತು. ಇನ್ನು ಮುಂದೆ ಟೀಚರಮ್ಮ ಕಟ್ಟಿದ ತೆಂಪೆ ಅಂತ ಮಾರ್ತೀನಿ!”

“ಹಂಗಾದ್ರೆ ರೇಟೂ ಜಾಸ್ತಿ ಮಾಡೇ!” ಬು ಸಾರ್ಮಿ ಒಲೆಯ ಹಿಂದಿನಿಂದ ನಗುತ್ತಾರೆ.

ತಾಯಿಯ ಬುಟ್ಟಿ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ವಿನಾರ್ತಿ ಎಳೆಯನ್ನು ಬೆರಳಿಂದ ಬಿಡಿಸಿಲ್ಲ. ಬೆರಳ ತುದಿ ಕೆಂಪಗಾಗಿದೆ.

“ಭಾನುವಾರ ಅನ್ನ ಉಣ್ತೀವಿ. ಸೋಮವಾರ ಬ್ಯಾಗ್ ಹಾಕ್ಕೊಂಡು ಹೊರಡ್ತೀನಿ, ದಿನಾ ಹೋದ ಹಾಗೆ. ಎಲ್ಲಿಗೆ ಅಂತ ಗೊತ್ತಿಲ್ಲ.”

ಈ ಕುಣಿಕೆಯ ವಿಷಯವನ್ನು ಅಧ್ಯಾಪಕರಿಗಾದರೂ ಹೇಳಬಾರದೇ ಎಂದು ಕೇಳುತ್ತೇನೆ. ಆಕೆ ಬೆರಳು ಬಿಡಿಸಿಕೊಂಡು ಮುಂದಿನ ಎಲೆ ಮಡಿಸುತ್ತಾಳೆ.

“ಇನ್ಮೇಲೆ ಫೇಲಾಗಿದ್ದೂ ಹೇಳಲ್ಲ, ಅರ್ಥ ಆಗಿದ್ದೂ ಹೇಳಲ್ಲ ಅಕ್ಕ. ಯಾರಿಗೂ.”