ಒಂದೇ ಕಪ್ಪಿಗೆ ಅದ್ದುವ ಚಮಚಗಳು

ಜನವರಿ ಒಂಬತ್ತು, ಬೆಳಗ್ಗೆ ಹತ್ತೂಕಾಲು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕಪ್ಪಿಂಗ್ ರೂಮು, ಅಂದರೆ ರುಚಿ ನೋಡುವ ಕೋಣೆ. ಚಿಕ್ಕಪ್ಪ ಒಂದು ಚಮಚ ಕಾಫಿಯನ್ನು ಸುರ್ರೆಂದು ಎಳೆದು, ಬಾಯಲ್ಲಿ ತಿರುಗಿಸಿ, ಉಗುಳಲು ಎಡಕ್ಕೆ ಬಾಗಿದರು. ಬಲಗಡೆ ದವಡೆಯ ಕೆಳಗೆ ಅಡಿಕೆಯಷ್ಟು ದೊಡ್ಡ ಗಂಟು ಕಂಡಿತು.

"ಎಂಥ ಚಿಕ್ಕಪ್ಪ ಅದು?"

"ಶೀತದ್ದಿರ್ಬೇಕು ಮಾರಾಯ್ತಿ. ನೋವಿಲ್ಲ. ನೀನು ಮಾರ್ಕ್ ಬರಿ."

ಮಾರ್ಕ್ ಬರೆದೆ. ಮನೆಗೆ ಬಂದು ಡೈರಿಯಲ್ಲಿ ಗಂಟಿನ ವಿಷಯವನ್ನೂ ಬರೆದೆ.

ಚಿಕ್ಕಪ್ಪನಿಗೆ ನಲವತ್ತೊಂಬತ್ತು ವರ್ಷ. ಕಾಫಿಯ ರುಚಿ ನೋಡಿ ದರ್ಜೆ ಹೇಳುವುದು ಅವರ ಕೆಲಸ. ನಾನು ಅವರ ಕೈಕೆಳಗೆ ಕಲಿಯುವವಳು. ಮೂಡಿಗೆರೆಯ ಅವರ ಮನೆಯಲ್ಲೇ ಇರುವವಳು. ಅವರಿಗೆ ಬೀಡಿ, ಸಿಗರೇಟು, ಎಲೆಅಡಿಕೆ ಯಾವುದೂ ಇಲ್ಲ. ಕಪ್ಪಿಂಗ್ ಇರುವ ದಿನ ಬೆಳಗ್ಗೆ ಚಿಕ್ಕಮ್ಮ ಒಗ್ಗರಣೆಗೆ ಬೆಳ್ಳುಳ್ಳಿ ಸಹ ಹಾಕುವುದಿಲ್ಲ.

ಮೂಡಿಗೆರೆಯ ಡಾಕ್ಟರು ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಗಂಟು ಕರಗಲಿಲ್ಲ. ಮಂಗಳೂರಿಗೆ ಕಳಿಸಿದರು. ಗಂಟಿಗೆ ಸೂಜಿ ಹಾಕಿದರು, ಗಂಟಲೊಳಗೆ ಸ್ಕೋಪ್ ಇಳಿಸಿದರು, ಬಯಾಪ್ಸಿ ತೆಗೆದರು. ಫೆಬ್ರವರಿ ಹದಿನೆಂಟಕ್ಕೆ ರಿಪೋರ್ಟ್ ಬಂತು. ಕ್ಯಾನ್ಸರ್.

ನಾಲಿಗೆಯ ಬುಡದಲ್ಲಿ.

"ತಂಬಾಕು ತಿನ್ನದೆ ಹ್ಯಾಗೆ ಮೇಡಂ?" ಎಂದು ಚಿಕ್ಕಪ್ಪ ಕೇಳಿದರು. ಡಾಕ್ಟರು ರಿಪೋರ್ಟಿನಲ್ಲಿ 'ಪಿ16 ಪಾಸಿಟಿವ್' ಎಂಬ ಸಾಲನ್ನು ತೋರಿಸಿದರು. ಇದಕ್ಕೆ ಕಾರಣ ತಂಬಾಕಲ್ಲ, ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ, ಬಾಯಿಯ ಮೂಲಕವೂ ಬರುತ್ತದೆ. ಬಹಳ ಜನರಿಗೆ ಬದುಕಿನಲ್ಲಿ ಎಂದೋ ಒಮ್ಮೆ ಬಂದು, ಗೊತ್ತಾಗದೆ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಬಿಡುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು, ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಕ್ಯಾನ್ಸರ್ ಆಗಬಹುದು. ತಂಬಾಕಿನಿಂದ ಬಂದದ್ದಕ್ಕಿಂತ ಇದು ಸಾಮಾನ್ಯವಾಗಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ರೇಡಿಯೇಷನ್ ನಡುವೆ ನಿಲ್ಲಬಾರದು ಎಂದರು.

ಕಾರಿಡಾರಿನಲ್ಲಿ ಚಿಕ್ಕಮ್ಮ ನನ್ನ ಕೈ ಹಿಡಿದರು. "ಯಾರಿಂದ ಬಂತು ಅಂತ ಒಂದು ಮಾತು ಕೇಳ್ಕೊಂಡು ಬಾ. ನಾನು ಕೇಳಿದ್ರೆ ಸರಿಯಾಗಲ್ಲ."

ಒಳಗೆ ಹೋಗಿ ಕೇಳಿದೆ. "ಮದುವೆಗೆ ಮುಂಚೆಯೋ ಆಮೇಲೋ, ಯಾರಿಂದಲೋ, ಯಾವ ಟೆಸ್ಟೂ ಹೇಳಲ್ಲ. ಅದನ್ನು ಹುಡುಕಬೇಡಿ. ಅವರಿಗೆ ಊಟ ಮಾಡಿಸಿ," ಎಂದರು ಡಾಕ್ಟರು.

ಬಂದು ಹಾಗೇ ಹೇಳಿದೆ. ಚಿಕ್ಕಮ್ಮ ಊರು ತಲುಪುವವರೆಗೂ ಬಸ್ಸಿನ ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದರು.

ವೈರಸ್ ಎಂಬ ಒಂದು ಪದ ಚಿಕ್ಕಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಕಪ್ಪಿಂಗ್ ಮೇಜಿನಲ್ಲಿ ನಾಲ್ಕೈದು ಜನರ ಚಮಚ ಒಂದೇ ಕಪ್ಪಿಗೆ ಇಳಿಯುತ್ತದೆ. ಬಾಯಿಂದ ತೆಗೆದ ಚಮಚವನ್ನು ಬಿಸಿನೀರಿಗೆ ಅದ್ದಿ ಮುಂದಿನ ಕಪ್ಪಿಗೆ ಹೋಗುವುದು ನಮ್ಮ ಪದ್ಧತಿ. ಎಲ್ಲರಿಗೂ ತಾನು ಅಂಟಿಸಿರಬೇಕು ಎಂದುಕೊಂಡರು. ರೂಮಿಗೆ ಬರುವುದನ್ನೇ ಬಿಟ್ಟರು. ಮನೆಯಲ್ಲಿ ತಟ್ಟೆ, ಲೋಟ ಬೇರೆ ಮಾಡಿಕೊಂಡು ಹಿತ್ತಲ ಜಗಲಿಯಲ್ಲಿ ಒಬ್ಬರೇ ಉಣ್ಣತೊಡಗಿದರು. ಹದಿಮೂರು ವರ್ಷದ ಮಗಳು ಹತ್ತಿರ ಬಂದರೆ "ದೂರ ಕೂರು" ಎನ್ನುತ್ತಿದ್ದರು.

ಮಾರ್ಚಿನಲ್ಲಿ ರೇಡಿಯೇಷನ್ ಶುರುವಾಯಿತು. ಏಳು ವಾರ, ವಾರಕ್ಕೆ ಐದು ದಿನ ರೇಡಿಯೇಷನ್, ಒಂದು ದಿನ ಕೀಮೋ. ಮಂಗಳೂರಿನಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದೆವು. ಮುಖಕ್ಕೆ ಬಲೆಯಂಥ ಮಾಸ್ಕ್ ಹಾಕಿ, ಅದನ್ನು ಮೇಜಿಗೆ ಬಿಗಿದು ಮಲಗಿಸುತ್ತಿದ್ದರು. ಎರಡನೇ ವಾರ ರುಚಿ ಹೋಯಿತು. ಮೂರನೇ ವಾರ ಎಂಜಲೇ ಇಲ್ಲ. ಅರವತ್ತೆಂಟು ಕೆಜಿ ಇದ್ದವರು ನಾಲ್ಕನೇ ವಾರ ಅರವತ್ತೊಂದಕ್ಕೆ ಇಳಿದರು. ಹೀಗೇ ಇಳಿದರೆ ಮಾಸ್ಕ್ ಸಡಿಲವಾಗುತ್ತದೆ, ಚಿಕಿತ್ಸೆ ನಿಲ್ಲಿಸಬೇಕಾದೀತು ಎಂದರು ಡಾಕ್ಟರು.

ಆ ದಿನ ಮಧ್ಯಾಹ್ನವೂ ಚಿಕ್ಕಪ್ಪ ರೂಮಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತು ಗಂಜಿಯನ್ನು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಚಿಕ್ಕಮ್ಮ ಹೋಗಿ ಪಕ್ಕದಲ್ಲಿ ಕುಳಿತರು. ಅದೇ ಲೋಟ ಎತ್ತಿ ಒಂದು ಗುಟುಕು ಕುಡಿದರು.

"ಎಂಥ ಮಾಡ್ತಿದೀಯೆ!" ಚಿಕ್ಕಪ್ಪನ ಸ್ವರ ಗಾಳಿಯಂತೆ ಬಂತು.

"ಲೋಟದಿಂದ ಬರಲ್ಲ. ಡಾಕ್ಟ್ರತ್ರ ನಾನೇ ಕೇಳ್ಕೊಂಡು ಬಂದೆ. ನಿಮ್ಮ ಚಮಚದಿಂದ್ಲೂ ಯಾರಿಗೂ ಬಂದಿಲ್ಲ."

"ಬೇರೆ ಏನಾದ್ರೂ ಕೇಳಿದ್ಯಾ?"

"ಕೇಳ್ಳಿಲ್ಲ. ಉಪ್ಪು ಒಂಚೂರು ಜಾಸ್ತಿ ಆಗಿದೆ. ನಿಮಗೆಲ್ಲಿ ಗೊತ್ತಾಗ್ಬೇಕು. ಕುಡೀರಿ ಈಗ."

ಚಿಕ್ಕಪ್ಪ ನಕ್ಕರು, ಗಂಟಲು ಉರಿದು ಕಣ್ಣಲ್ಲಿ ನೀರು ಬಂತು. ಅಂದಿನಿಂದ ಇಬ್ಬರದೂ ಒಂದೇ ಲೋಟ: ಒಂದು ಗುಟುಕು ಅವರು, ಒಂದು ಗುಟುಕು ಇವರು. ತೂಕ ಮತ್ತೆ ಇಳಿಯಲಿಲ್ಲ. ಮೂವತ್ತೈದು ಸಿಟ್ಟಿಂಗೂ ಮುಗಿದವು. ಚಿಕ್ಕಮ್ಮನ ಮನಸ್ಸಿನಲ್ಲಿದ್ದ ಆ ಪ್ರಶ್ನೆ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವುದೂ ಇಲ್ಲ.

ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಸದ್ಯಕ್ಕೆ ಚೆನ್ನಾಗಿದೆ, ಆಗಾಗ ಬಂದು ತೋರಿಸಬೇಕು ಎಂದರು. ಈ ವೈರಸ್ ತಡೆಯುವ ಲಸಿಕೆಯೊಂದಿದೆ, ಅದು ಚಿಕ್ಕಪ್ಪನ ಕಾಯಿಲೆಗೆ ಮದ್ದಲ್ಲ, ಆದರೆ ಮಗಳಿಗೆ ಹಾಕಿಸುವುದು ಒಳ್ಳೆಯದು ಎಂದದ್ದಕ್ಕೆ ಆ ವಾರವೇ ಹಾಕಿಸಿದೆವು.

ಕಳೆದ ಸೋಮವಾರ ಚಿಕ್ಕಪ್ಪ ಕಪ್ಪಿಂಗ್ ರೂಮಿಗೆ ಬಂದರು. ಬಾಗಿಲಲ್ಲೇ ನಿಂತರು. ಮೇಜಿನ ಸುತ್ತ ಇದ್ದ ಹಳೆಯ ಜೊತೆಗಾರರಲ್ಲಿ ಒಬ್ಬರು, "ಎಂಥ ಮಾರಾಯ, ನೆಂಟರ ಹಾಗೆ ನಿಂತಿದೀಯಲ್ಲ! ಕಾಫಿ ಆರ್ತದೆ," ಎಂದು ಚಿಕ್ಕಪ್ಪನ ಚಮಚವನ್ನೇ ಅವರ ಕೈಗಿಟ್ಟರು. ಚಿಕ್ಕಪ್ಪ ಎಲ್ಲರ ಚಮಚ ಇಳಿದಿದ್ದ ಕಪ್ಪಿಗೇ ಅದ್ದಿದರು. ಎಳೆದರು. ನಾನು ಪೆನ್ನು ಹಿಡಿದು ಕಾದೆ.

"ಬಿಸಿ ಗೊತ್ತಾಗ್ತದೆ," ಎಂದರು. "ನಾಲಿಗೆ ಹಿಂದೆ ಎಲ್ಲೋ ಒಂಚೂರು ಹುಳಿ. ಕಹಿ ಇಲ್ಲ."

ಮಾರ್ಕ್ ಹಾಕುವ ಕಡೆ ಅಷ್ಟನ್ನೇ ಬರೆದೆ.

ರುಚಿ ಬರಲು ತಿಂಗಳುಗಳು ಬೇಕು, ಕೆಲವರಿಗೆ ಪೂರ್ತಿ ಬಾರದೆಯೂ ಇರಬಹುದು ಎಂದಿದ್ದಾರೆ ಡಾಕ್ಟರು. ಗಂಟಲಿಗೆ ರೇಡಿಯೇಷನ್ ಆದವರು, ಅವರನ್ನು ನೋಡಿಕೊಂಡವರು ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ: ಹುಳಿ ಬಂದ ಮೇಲೆ ಕಹಿ ಬರಲು ನಿಮಗೆ ಎಷ್ಟು ದಿನ ಹಿಡಿಯಿತು? ಚಿಕ್ಕಪ್ಪ ಕೇಳುತ್ತಿಲ್ಲ. ಆದರೆ ಪ್ರತಿ ಸೋಮವಾರ ಬಂದು, ಅದೇ ಕಪ್ಪಿಗೆ ಚಮಚ ಅದ್ದುತ್ತೇನೆ ಎಂದಿದ್ದಾರೆ.