ಅಮ್ಮ ಕೇಳುತ್ತಿದ್ದ ಟಿವಿ

ನಮ್ಮ ಅಡುಗೆಮನೆಯ ಒಲೆಯ ಮುಂದೆ ನಿಂತು ಕತ್ತನ್ನು ಎಡಕ್ಕೆ ಹೊರಳಿಸಿದರೆ, ಬಾಗಿಲ ಚೌಕಟ್ಟಿನೊಳಗಿಂದ ನಡುಮನೆಯ ಎದುರು ಗೋಡೆ ಮೂರೂಕಾಲು ಅಡಿ ಅಗಲದಷ್ಟು ಕಾಣುತ್ತದೆ. ಅಳೆದು ನೋಡಿದ್ದೇನೆ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದ ಒಂದು ಸಂಜೆ ಒಲೆಗೂ ಗೋಡೆಗೂ ನಡುವೆ ಓಡಾಡಿ, ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ನಡುವಿನ ಅಂತರಕ್ಕೆ ಟೇಪು ಹಿಡಿದೆ. ಅಮ್ಮ ನನಗಿಂತ ಗಿಡ್ಡ. ಆದ್ದರಿಂದ ಪ್ರತಿ ಸಲ ಒಲೆಯ ಮುಂದೆ ನಿಂತಾಗಲೂ ಮೊಣಕಾಲು ಬಗ್ಗಿಸಿ ಅವಳ ಎತ್ತರಕ್ಕೆ ಇಳಿದು ನೋಡಿದೆ. ನೋಡುವವರ ಎತ್ತರಕ್ಕೂ ಗೋಡೆಯ ಅಗಲಕ್ಕೂ ಯಾವ ಸಂಬಂಧವೂ ಇಲ್ಲವೆಂದು ಎಲ್ಲ ಮುಗಿದ ಮೇಲೆ ಹೊಳೆಯಿತು. ಕಾಲೇಜಿನಲ್ಲಿ ಗಣಿತ ಪಾಠ ಮಾಡುವವಳು ನಾನು. ಈ ವಿಷಯ ನನ್ನ ವಿದ್ಯಾರ್ಥಿಗಳಿಗೆ ತಿಳಿಯದಿರಲಿ.

ಇಷ್ಟೆಲ್ಲ ಮಾಡಿದ್ದು ಅಮ್ಮ ಟಿವಿ ನೋಡಲಿ ಎಂದು. ಹಿರಿಯೂರಿನ ನಮ್ಮ ಮನೆಯಲ್ಲಿ ಆಗ ಇದ್ದದ್ದು ಹಳೆಯ ಡಬ್ಬಿ ಟಿವಿ. ಅದಕ್ಕೆ ಮುಖಕ್ಕಿಂತ ಬೆನ್ನು ದೊಡ್ಡದು. ಆ ಗೂನುಬೆನ್ನನ್ನು ಇಡಲು ಮೂಲೆಯೊಂದೇ ಗತಿ. ಮೂಲೆಯೋ, ಅಡುಗೆಮನೆಯ ಬಾಗಿಲಿಗೆ ಒತ್ತಿಕೊಂಡ ಗೋಡೆಯದ್ದು. ಬೀಜದ ಅಂಗಡಿ ಮುಚ್ಚಿ ಬಂದ ಅಪ್ಪನಿಗೆ ಕುರ್ಚಿಯಿಂದ ಎಲ್ಲವೂ ಕಾಣುತ್ತಿತ್ತು. ಚಿತ್ರದುರ್ಗದಿಂದ ಬಸ್ಸಿನಲ್ಲಿ ದಣಿದು ಬಂದ ನನಗೂ ಕಾಣುತ್ತಿತ್ತು. ಏಳೂವರೆಯ ಧಾರಾವಾಹಿಯನ್ನು ಮನಸಾರೆ ಬಯಸುತ್ತಿದ್ದ ಅಮ್ಮನಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಏಳೂವರೆಗೆ ಸರಿಯಾಗಿ ಮುದ್ದೆಯ ಎಸರು ಕುದಿಯುತ್ತದೆ. ಮುದ್ದೆ ನಾನು ತಿರುವುತ್ತೇನೆ ಎಂದರೆ ಅಮ್ಮ ಕೋಲು ಕೊಡುವುದಿಲ್ಲ. ಹಿಂದೊಮ್ಮೆ ಕೊಟ್ಟಿದ್ದಳು. ಅಂದು ನಾನು ಮಾಡಿದ್ದಕ್ಕೆ ಇಂದಿಗೂ ಮನೆಯಲ್ಲಿ ಹೆಸರಿಟ್ಟಿಲ್ಲ.

ಹೀಗಾಗಿ ಅಮ್ಮ ವರ್ಷಗಟ್ಟಲೆ ಟಿವಿಯನ್ನು ಕೇಳಿದಳು. ಬಳೆಯ ಸದ್ದಿನ ಮೇಲೆ ಒಳಗೆ ಬಂದವರು ಯಾರೆಂದು ಹೇಳುತ್ತಿದ್ದಳು. ಪಿಟೀಲು ಒಂಟಿಯಾಗಿ ಕೊರೆಯತೊಡಗಿದರೆ ಯಾರೋ ಅಳುವವರಿದ್ದಾರೆಂದು ಉರಿ ಸಣ್ಣ ಮಾಡಿ ಕಿವಿಗೊಡುತ್ತಿದ್ದಳು. ನಡುನಡುವೆ ಅಡುಗೆಮನೆಯಿಂದಲೇ ತೀರ್ಪು ಬರುತ್ತಿತ್ತು: "ಅವ್ಳು ಸುಳ್ಳು ಹೇಳ್ತಾವ್ಳೆ ಕಣ್ರೀ, ನಂಬಬ್ಯಾಡ್ರಿ!" ಪರದೆಯ ಎದುರೇ ಕೂತಿದ್ದ ಅಪ್ಪ, "ಪಾಪ, ಅಷ್ಟು ಅಳ್ತೈತೆ ಹೆಣ್ಣುಮಗಳು" ಎನ್ನುವರು. ಎರಡು ದಿನ ಕಳೆದರೆ ಸುಳ್ಳು ಬಯಲಾಗಿ ಅಮ್ಮನೇ ಗೆಲ್ಲುತ್ತಿದ್ದಳು. ಕಣ್ಣೀರಿಗೆ ಮೋಸ ಹೋಗುವುದು ಕಣ್ಣು, ಕಿವಿಯಲ್ಲ.

ನನಗೆ ಇದು ಅನ್ಯಾಯವಾಗಿ ಕಂಡಿತು. ಮೂರು ಜನರ ಮನೆಯಲ್ಲಿ ಇಬ್ಬರಿಗೆ ಚಿತ್ರ, ಒಬ್ಬಳಿಗೆ ಬರೀ ಸದ್ದು. ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿ ಈ ಕಾರಣಕ್ಕೇ ಹುಟ್ಟಿದೆ ಎನಿಸಿತು. ಅಮ್ಮನನ್ನು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ನನಗೆ ಮಾತಾಡುವುದಕ್ಕಿಂತ ಅಳೆಯುವುದು ಸುಲಭ. ಬಸ್ಸಿನಲ್ಲಿ ನಾನು ಟವೆಲ್ಲು ಹಾಕಿ ಹಿಡಿದ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ, ಟವೆಲ್ಲನ್ನು ಮೆಲ್ಲಗೆ ಎಳೆದುಕೊಂಡು ನಿಂತೇ ಊರು ಸೇರುತ್ತೇನೆ.

ಅಪ್ಪನನ್ನು ಕರೆದುಕೊಂಡು ಟಿವಿ ಅಂಗಡಿಗೆ ಹೋದೆ. ಅಲ್ಲಿ ಸಾಲಾಗಿ ಹಚ್ಚಿಟ್ಟ ಟಿವಿಗಳೆಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಮೀನು. "ಬರ್ರಿ ಸರ್, ಕುಂತ್ಕಳ್ರಿ" ಎಂದ ಹುಡುಗ ನಲವತ್ತಮೂರು ಇಂಚಿನದನ್ನು ತೋರಿಸಿದ. ಅಪ್ಪ ಗೇಣು ಹಾಕಿ ನೋಡಿ, "ಎಲ್ಲೈತಪ್ಪಾ ನಲವತ್ಮೂರು?" ಎಂದರು.

"ಅಡ್ಡ ಅಲ್ಲ ಸರ್, ಓರೆ ಅಳೀಬೇಕು. ಈ ಮೂಲೆಯಿಂದ ಆ ಮೂಲೆಗೆ."

"ಓರೆ? ನಾಳೆ ನಾನು ಹೊಲ ಓರೆ ಅಳೆದು ಮಾರ್ತೀನಿ, ತಗಂತೀಯೇನಪ್ಪಾ?"

"ಕಂಪನಿಯೋರು ಮಾಡಿರೋದು ಸರ್. ನಮ್ದೇನೈತೆ?"

ಅಪ್ಪ ಹೇಳಿದ್ದರಲ್ಲಿ ಸತ್ಯವಿತ್ತು. ಸೀರೆಯನ್ನು ಉದ್ದದಲ್ಲಿ ಅಳೆಯುತ್ತೇವೆ, ಬಾಗಿಲನ್ನು ಉದ್ದ ಅಗಲ ಎರಡರಲ್ಲೂ. ಮೂಲೆಯಿಂದ ಮೂಲೆಗೆ ಅಳೆಸಿಕೊಂಡು ಬೀಗುವ ವಸ್ತು ಮನೆಯಲ್ಲಿ ಇದೊಂದೇ ಇರಬೇಕು. ಹೈಸ್ಕೂಲಿನಲ್ಲಿ ಕಲಿತ ಕರ್ಣದ ಸೂತ್ರ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳಲು ಕೊನೆಗೂ ಒಂದು ಉತ್ತರ ಸಿಕ್ಕಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಲವತ್ತಮೂರು ಇಂಚಿನದು ನನ್ನ ಪೆನ್ಸಿಲ್ ಗೆರೆಗಳ ನಡುವೆ, ಎರಡೂ ಬದಿ ಒಂದೊಂದು ಬೆರಳು ತೂರುವಷ್ಟು ಜಾಗ ಬಿಟ್ಟು ಕೂರುತ್ತಿತ್ತು. ಅಷ್ಟರಲ್ಲಿ ಅಪ್ಪ ಐವತ್ತೈದರ ಮುಂದೆ ನಿಂತು, ಮೀನು ನೋಡುತ್ತಾ ಕ್ರಿಕೆಟ್ಟಿನ ಕನಸು ಕಾಣುತ್ತಿದ್ದರು. ನಾನು ಒಂದೇ ಮಾತು ಹೇಳಿದೆ: "ಅದು ಅಮ್ಮಂಗೆ ಪೂರ್ತಿ ಕಾಣಲ್ಲ." ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿ, ನಲವತ್ತಮೂರರ ಕಡೆ ಬಂದರು. ಅವರನ್ನು ನಾನು ಹೆಚ್ಚು ಇಷ್ಟಪಟ್ಟ ಗಳಿಗೆಗಳಲ್ಲಿ ಅದೂ ಒಂದು.

ಟಿವಿ ಬಂತು. ಮಠದ ಕ್ಯಾಲೆಂಡರ್ ತನ್ನ ಮೊಳೆ ಬಿಟ್ಟುಕೊಟ್ಟು ದೇವರ ಕೋಣೆಯ ಪಕ್ಕಕ್ಕೆ ಸರಿಯಿತು. ಜೋಡಿಸಲು ಬಂದವನು ನನ್ನ ಗೆರೆಗಳನ್ನು ನೋಡಿ, "ಇಷ್ಟು ಕರೆಕ್ಟಾಗಿ ಯಾರು ಹಾಕಿದ್ರು?" ಎಂದು ಕೇಳಿದ. ಆ ದಿನವೆಲ್ಲ ಅದನ್ನು ನೆನೆನೆನೆದು ಸುಖಪಟ್ಟೆ. ಅಪ್ಪ ಚೌಕಟ್ಟಿನ ಮೇಲಂಚಿಗೆ ಮೂರು ಬೆರಳಲ್ಲಿ ವಿಭೂತಿ ಹಚ್ಚಿ, ಪರದೆಗೆ ತಾಗಿತೇ ಎಂದು ಬಗ್ಗಿ ಬಗ್ಗಿ ನೋಡಿದರು. ಏಳೂವರೆಯಾಯಿತು. ಎಸರು ಕುದಿಯಿತು. ಧಾರಾವಾಹಿಯ ಹಾಡು ಶುರುವಾದದ್ದೇ ನಾನು ಅಮ್ಮನ ಹೆಗಲು ಹಿಡಿದು ಎಡಕ್ಕೆ ತಿರುಗಿಸಿದೆ.

ಅಮ್ಮ ನೋಡಿದಳು. ಕೈಯಲ್ಲಿ ಮುದ್ದೆಕೋಲು ಹಿಡಿದುಕೊಂಡೇ ನೋಡಿದಳು. ಎರಡು ಕಡೆಯಿಂದ ಮೆಟ್ಟಿಲು ಇಳಿದು ಬರುವ ಅರಮನೆಯಂಥ ಮನೆ, ಸೂರಿನಿಂದ ತೂಗುವ ದೀಪದ ಗೊಂಚಲು, ಬೆಳಿಗ್ಗೆ ಎದ್ದಾಗಲೇ ರೇಷ್ಮೆ ಸೀರೆಯಲ್ಲಿರುವ ಹೆಂಗಸರು.

"ಇದೇನಾ ಆ ಮನೆ?" ಎಂದಳು.

"ಹೂಂ."

"ಇಷ್ಟು ದೊಡ್ಡ ಮನ್ಯಾಗೆ, ಅಲ್ಲಿ ಕೋಣ್ಯಾಗೆ ಪಿಸುಗುಟ್ಟಿದ್ದು ಇಲ್ಲಿ ಮೆಟ್ಲತ್ರ ಇರೋಳಿಗೆ ಹೆಂಗೆ ಕೇಳ್ತು?"

ಅಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ನಾಯಕಿ ಬಂದು, ಮನೆ ಹಾಳು ಮಾಡುವ ತನ್ನ ಚಿಕ್ಕಮ್ಮನಿಗೆ ಎದುರು ನಿಂತು ಮಾತಾಡಿದಳು. ಆಗ ಅಮ್ಮನ ಮುಖ ಇದ್ದಕ್ಕಿದ್ದಂತೆ ಸಪ್ಪಗಾಯಿತು. ಕತ್ತು ತಿರುಗಿಸಿ ಒಲೆ ನೋಡಿದಳು. ಅಂದು ಅಮ್ಮನ ಮುದ್ದೆಯಲ್ಲಿ ಮೊದಲ ಬಾರಿಗೆ ಗಂಟುಗಳಿದ್ದವು. ಹಸಿ ಹಿಟ್ಟು ಅಗಿಯುತ್ತಾ ಅಪ್ಪ, "ಪರದೆ ಚೆನ್ನಾಗೈತೆ" ಎಂದರು.

ಮರುದಿನದಿಂದ ಅಮ್ಮ ಮತ್ತೆ ಬೆನ್ನು ತಿರುಗಿಸಿ ನಿಂತಳು. ಮೂರೂಕಾಲು ಅಡಿಯ ತುಂಬ ಬಣ್ಣ ಕುಣಿಯುತ್ತಿದ್ದರೂ ಅವಳ ಕತ್ತು ಎಡಕ್ಕೆ ಹೊರಳಲಿಲ್ಲ. "ಸೌಂಡ್ ಸ್ವಲ್ಪ ಜಾಸ್ತಿ ಮಾಡೇ" ಎನ್ನುವಳು, ಅಷ್ಟೇ. ಆಮೇಲೆ ಅದೂ ನಿಂತಿತು. ತೀರ್ಪುಗಳೂ ನಿಂತವು. ನಾಯಕಿ ಮಾತಾಡತೊಡಗಿದರೆ ಅಮ್ಮ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು. ನನಗೆ ಒಳಗೊಳಗೇ ಸಂಕಟ. ಅಮ್ಮನಿಗಿದ್ದ ದಿನದ ಒಂದೇ ಒಂದು ಮೋಜನ್ನು, ಟೇಪು ಹಿಡಿದು ಅಳೆದು, ಗೋಡೆಗೆ ಮೊಳೆ ಹೊಡೆದು ನಾನೇ ಕೊಂದಂತಾಯಿತು. ಯಾಕೆಂದು ಕೇಳಲು ಬಾಯಿ ಬರಲಿಲ್ಲ; ಹೇಳಲು ಅವಳಿಗೂ ಬರಲಿಲ್ಲ. ಈ ಗುಣ ನನಗೆ ಎಲ್ಲಿಂದ ಬಂತೆಂದು ಹೊರಗೆ ಹುಡುಕಬೇಕಾಗಿಲ್ಲ.

ಆ ದಿನಗಳಲ್ಲಿ ಬಸ್ಸಿನಲ್ಲಿ ಕೂತು, ಕಿಟಕಿಯಾಚೆ ತಿರುಗುವ ಗಾಳಿಯಂತ್ರಗಳನ್ನು ನೋಡುತ್ತಾ, ಕಾಣುವುದೆಂದರೆ ಇಷ್ಟೇನೇ ಎಂದು ಯೋಚಿಸುತ್ತಿದ್ದೆ. ಜಾತ್ರೆಯ ದಿನ ನೂಕುನುಗ್ಗಲಲ್ಲಿ ಬೆವರು ಸುರಿಸಿ, ಮುಂದಿನವರ ಹೆಗಲ ಮೇಲಿಂದ ಇಣುಕಿ ದೇವರ ಮುಂದೆ ಬರುತ್ತೇವೆ. ಬಂದ ಕೂಡಲೇ ಮಾಡುವುದೇನು? ಕಣ್ಣು ಮುಚ್ಚಿಕೊಳ್ಳುತ್ತೇವೆ. ನನ್ನ ತರಗತಿಯಲ್ಲೂ ಅಷ್ಟೆ. ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ ಎಂದು ಬಾಯಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಬೋರ್ಡಿನ ಮೇಲೆ ಚಾಕ್‌ನಿಂದ ಒಂದು ಚುಕ್ಕೆ ಇಟ್ಟು ತೋರಿಸಿದ ಕ್ಷಣದಿಂದ ಸಂದೇಹಗಳು ಶುರು.

ಹೊಸ ಟಿವಿ ನೋಡಲು ಹೊಳಲ್ಕೆರೆಯಿಂದ ಅತ್ತೆ ಬಂದರು. ಅಪ್ಪನ ಅಕ್ಕ ಅವರು. ನಮ್ಮ ವಂಶದ ಮಾತಿನ ಪಾಲನ್ನೆಲ್ಲ ಒಬ್ಬರೇ ತೆಗೆದುಕೊಂಡು ಹೊರಟವರು. ಅಪ್ಪನ ಕುರ್ಚಿಯಲ್ಲಿ ಕೂತು ಏಳೂವರೆಯ ಧಾರಾವಾಹಿ ನೋಡುತ್ತಾ ಚಿಕ್ಕಮ್ಮನ ಪಾತ್ರವನ್ನು ಹಿಡಿದು ಜಾಡಿಸಿದರು. "ಅವ್ಳ ನಡಿಗೆ ನೋಡು! ಕಂಡೋರ ಮನೆ ಪೆಟ್ಟಿಗೆ ಬೀಗ ತೆಗೆಯೋಳು! ಪುಣ್ಯ ಕಣಪ್ಪಾ, ಇಂಥ ಹೆಂಗ್ಸು ನಮ್ಮ ವಂಶದಾಗೆ ಒಬ್ಳೂ ಇಲ್ಲ."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾಳೆ.

"ಏನಮ್ಮಾ?"

"ಮೆತ್ತಗೆ ಮಾತಾಡೇ. ಆ ಚಿಕ್ಕಮ್ಮ... ನಾನು ಕೇಳ್ವಾಗ ಅವ್ಳಿಗೆ ಇವ್ರದೇ ಮುಖ ಇತ್ತು ಕಣೇ!"

ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಒಂದೊಂದಾಗಿ ಹೊರಬಂತು. ಅಮ್ಮ ಅಷ್ಟು ವರ್ಷ ಬರೀ ಸದ್ದು ಕೇಳುತ್ತಿರಲಿಲ್ಲ. ಪ್ರತಿ ದನಿಗೂ ತನಗೆ ಗೊತ್ತಿದ್ದವರ ಮುಖ ಕೊಟ್ಟಿದ್ದಳು. ಧಾರಾವಾಹಿಯ ಮನೆ ರಾಮಗಿರಿಯ ಅವಳ ತವರುಮನೆ. ಹಿಂದೆ ಬೆಟ್ಟ, ಮುಂದೆ ಕಲ್ಲಿನ ಕಟ್ಟೆ. ಅಲ್ಲಿ ಕೋಣೆಯಲ್ಲಿ ಪಿಸುಗುಟ್ಟಿದರೆ ಖಂಡಿತ ಹೊರಗೆ ಕೇಳುತ್ತದೆ. ನಾಯಕ ರೈಲು ಹತ್ತಿ ಹೋದಾಗ ಅಮ್ಮನ ಪಾಲಿಗೆ ಅವನು ರಾಮಗಿರಿ ಸ್ಟೇಷನ್ನಿನಲ್ಲೇ ಹತ್ತಿದ್ದ. ಮಾತಿಗೊಮ್ಮೆ ಕೆಮ್ಮುವ ವಕೀಲನಿಗೆ ಅಪ್ಪನ ಮುಖ. ನೀರು ಕುಡಿಯಲು ಬಂದ ಅಪ್ಪ ಇಷ್ಟನ್ನು ಕೇಳಿಸಿಕೊಂಡು, "ಹಂಗಾದ್ರೆ ಹೀರೋ ಯಾರು?" ಎಂದರು.

"ಅದೆಲ್ಲ ನಿಮಗ್ಯಾಕೆ? ಹೋಗಿ ಕುಂತ್ಕಳ್ರಿ" ಎಂದಳು ಅಮ್ಮ. ಆ ಪ್ರಶ್ನೆಗೆ ಅಪ್ಪನಿಗೆ ಇನ್ನೂ ಉತ್ತರ ಸಿಕ್ಕಿಲ್ಲ. ಈಗಲೂ ಆಗಾಗ, ಸಂಬಂಧವೇ ಇಲ್ಲದ ಹೊತ್ತಿನಲ್ಲಿ ಕೇಳುತ್ತಾರೆ.

ನಾನು ಕೇಳಿದ್ದು ಬೇರೆ. "ನಾಯಕಿ ಯಾರಮ್ಮಾ?"

ಅಮ್ಮನ ನಗು ನಿಂತಿತು. "ಮುದ್ದೆ ತಳ ಹಿಡೀತೈತೆ, ಸರಿ ಆಚೆ" ಎಂದಳು.

ಊಟವಾದ ಮೇಲೆ ಅತ್ತೆ ಮತ್ತು ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಮಾತಿಗಿಳಿದರು. ಅಮ್ಮ ಪಾತ್ರೆ ತೊಳೆದು ಕೊಡುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ಒಂದು ತಟ್ಟೆಯನ್ನು ಕೊಡುತ್ತಾ, ನನ್ನ ಕಡೆ ನೋಡದೆ ಅಮ್ಮ ಹೇಳಿದಳು:

"ನೀನೇ ಕಣೇ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆ ಹುಡುಗಿ ನೀನೇ. ಎಲ್ರಿಗೂ ಎದುರು ನಿಂತ್ಕಂಡು ಪಟಪಟ ಅಂತ ಮಾತಾಡ್ತಿತ್ತಲ್ಲ, ನಂಗೆ ಭಾಳ ಖುಷಿ ಆಗೋದು. ಮನ್ಯಾಗಂತೂ ನೀನು ಬಾಯಿ ಬಿಡಲ್ಲ. ಅಲ್ಲಾದ್ರೂ ಬಿಡ್ತೀಯಲ್ಲ ಅನ್ನಂಗೆ ಕೇಳ್ತಿದ್ದೆ. ಈಗ ನೋಡಿದ್ರೆ ಯಾವಳೋ ಬಂದು ನಿಂತ್ಕಂಡವ್ಳೆ. ಲಕ್ಷಣವಾಗೇ ಅವ್ಳೆ, ಇಲ್ಲ ಅನ್ನಲ್ಲ. ಆದ್ರೆ ನೀನಲ್ಲ."

ಇಂಥ ಸಮಯದಲ್ಲಿ ಏನಾದರೂ ಹೇಳಬೇಕು. ಆ ನಾಯಕಿಯಾಗಿದ್ದರೆ ಒಂದು ವಾರ ನಡೆಯುವಷ್ಟು ಹೇಳುತ್ತಿದ್ದಳು. ನಾನು ತಟ್ಟೆಯನ್ನು ಮತ್ತೊಮ್ಮೆ ಒರೆಸಿದೆ. ಆಗಲೇ ಒಣಗಿದ್ದ ತಟ್ಟೆ ಅದು. ಎದುರು ಗೋಡೆಯಿಂದ ಟಿವಿಯನ್ನು ತೆಗೆದುಬಿಡಲೇ ಎಂದು ಕೇಳಿದೆ. "ಬ್ಯಾಡ ಬಿಡು, ನಿಮ್ಮಪ್ಪ ಕ್ರಿಕೆಟ್ ನೋಡ್ತಾರೆ" ಎಂದಳು ಅಮ್ಮ. ಅಷ್ಟಕ್ಕೇ ಮಾತು ಮುಗಿಯಿತು. ಮಲಗಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಅಮ್ಮ ಕಳೆದುಕೊಂಡದ್ದು ಗೋಡೆಯ ಮೇಲಿನದ್ದಲ್ಲ. ಅದನ್ನು ವಾಪಸು ತಂದುಕೊಡಲು ಟೇಪು, ಬ್ರಾಕೆಟ್ಟು, ಮೊಳೆ ಯಾವುದೂ ಬೇಕಿಲ್ಲ. ಬೇಕಾದದ್ದು ನನ್ನಲ್ಲಿ ತೀರ ಕಡಿಮೆ ಇದ್ದ ವಸ್ತು.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಟು ಗೇಟಿನ ಬಳಿ ಬಂದೆ. ಎಂದಿನಂತೆ ಪಕ್ಕದ ಮನೆಯ ರಾಜಣ್ಣ ತಮ್ಮ ಬೈಕನ್ನು ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದರು. ಬಹಳ ಕಾಲದಿಂದ ನಾನು ಅದನ್ನು ಸದ್ದಿಲ್ಲದೆ ಪಕ್ಕಕ್ಕೆ ತಳ್ಳಿ, ಸೀರೆಯ ನೆರಿಗೆ ಕೊಡವಿಕೊಂಡು ಬಸ್ಸಿಗೆ ಹೋಗುತ್ತಿದ್ದೆ. ಅಂದು ಬ್ಯಾಗನ್ನು ಕಟ್ಟೆಯ ಮೇಲಿಟ್ಟೆ. ಗಂಟಲು ಸರಿಮಾಡಿಕೊಂಡೆ.

"ರೀ ರಾಜಣ್ಣಾರೇ! ಇದು ನಮ್ಮ ಗೇಟೋ, ನಿಮ್ಮ ಬೈಕ್ ನಿಲ್ಸೋ ಜಾಗನೋ? ದಿನಾ ಬೆಳಗಾದ್ರೆ ಇದನ್ನ ತಳ್ಳೋಕೆ ನಾನೇನು ಗ್ಯಾರೇಜ್ ಇಟ್ಕಂಡಿದೀನಾ?"

ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹೊರಬಂದ ರಾಜಣ್ಣ, "ನೀನಾ ತಾಯಿ ಕೂಗಿದ್ದು?" ಎಂದು ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು. ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ನಿಂತಿತು.

"ಏನೇ, ಬೆಳಬೆಳಿಗ್ಗೇನೇ ಟಿವಿ ಹಾಕಿದ್ರಾ?" ಒಳಗಿಂದ ಅತ್ತೆಯ ದನಿ.

"ಟಿವಿ ಅಲ್ಲ ಅತ್ಗೆ" ಎಂದಳು ಅಮ್ಮ. "ನಮ್ಮುಡುಗಿ."

ರಾಜಣ್ಣ ಆಗಲೇ ಬೈಕು ತೆಗೆದು ದಾರಿ ಬಿಟ್ಟಿದ್ದರು. ಮಿಕ್ಸಿ ಇನ್ನೂ ಶುರುವಾಗಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡು ಇನ್ನೆರಡು ವಾಕ್ಯ ಸೇರಿಸಿದೆ.