ಬ್ಯಾಂಡ್ ಮಾಸ್ತರು ಕಲಿಸಿದ ನಾಲ್ಕು ಹಾಳೆ

ಐದಾರು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ಇನ್ನೂ ವಾರವಾಗಿರಲಿಲ್ಲ. ಮನೆಯಲ್ಲಿ ಸಜ್ಜಿ ರೊಟ್ಟಿ, ಕುಸುರೆಳ್ಳು ಉಳಿದಿದ್ದವು. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೇನೆ. ಆ ಸೋಮವಾರ ನೋಟಿಸ್ ಬೋರ್ಡಿಗೆ ಅಂಟಿಸಲು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಸಭಾಂಗಣದಲ್ಲಿ ಆರ್ಕೆಸ್ಟ್ರಾ ಇದೆ ಎಂದು ಅದರಲ್ಲಿತ್ತು.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡುವವರು. ಅಟೆಂಡರ್ ಬಸಣ್ಣ ಹಾಳೆ ಓದಿ, "ಅಕ್ಕಾರ, ಡ್ಯಾನ್ಸೂ ಇರ್ತೈತೇನ್ರಿ?" ಎಂದು ಕೇಳಿದ. ಇದು ಅಂಥದ್ದಲ್ಲ. ಹೊರದೇಶದ ಒಂದು ಸಂಗೀತ ಶಾಲೆಯ ವಿದ್ಯಾರ್ಥಿಗಳು, ಅವರ ಜೊತೆ ಗೋವಾದ ಕೆಲವು ವಾದಕರು, ಎಲ್ಲ ಸೇರಿ ನಲವತ್ತು ಜನರ ತಂಡ. ಬಾದಾಮಿಯ ಗುಹೆ ನೋಡಿಕೊಂಡು ಹಂಪಿಗೆ ಹೊರಟಿದ್ದವರನ್ನು ನಮ್ಮ ಪ್ರಿನ್ಸಿಪಾಲರು ಒಂದು ದಿನ ಇಲ್ಲಿ ನಿಲ್ಲಿಸಿಕೊಂಡಿದ್ದರು. ಅವರು ನುಡಿಸಲಿದ್ದ ಸಂಗೀತದ ಪಟ್ಟಿಯಲ್ಲಿ ಮೊದಲನೆಯದು ಒಂದು ಒಪೆರಾದ ಓವರ್ಚರ್. ನನಗೆ ಆ ಪದ ಗೊತ್ತಿರಲಿಲ್ಲ. ಲೈಬ್ರರಿಯ ವಿಶ್ವಕೋಶ ತೆಗೆದು ನೋಡಿದೆ. ಹಾಡಿನಲ್ಲೇ ನಡೆಯುವ ನಾಟಕಕ್ಕೆ ಪರದೆ ಏಳುವ ಮುಂಚೆ ವಾದ್ಯಗಳೆಲ್ಲ ಸೇರಿ ನುಡಿಸುವ ಸಂಗೀತ ಎಂದಿತ್ತು.

ಓದುತ್ತಿದ್ದ ಹಾಗೆ ನನಗೆ ಸಂಗಪ್ಪ ಕಾಕಾನ ನೆನಪಾಯಿತು.

ಸಂಗಪ್ಪ ಕಾಕಾ ನನ್ನ ಅಪ್ಪನ ತಮ್ಮ. ಇಳಕಲ್ಲಿನಲ್ಲಿ ಸೀರೆ ನೇಯುವ ಮನೆತನ ನಮ್ಮದು. ಕಾಕಾ ವಾರವೆಲ್ಲ ಮಗ್ಗದಲ್ಲಿ ಕೂಡುತ್ತಿದ್ದ, ಮದುವೆ ಸೀಜನ್ ಬಂದರೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತಿದ್ದ. ಹರೆಯದಲ್ಲಿ ಅದನ್ನು ಕಲಿಯಲು ಸೈಕಲ್ ತುಳಿದುಕೊಂಡು ಹುನಗುಂದಕ್ಕೆ ಹೋಗುತ್ತಿದ್ದನಂತೆ. ಅಲ್ಲೊಬ್ಬ ಮಾಸ್ತರರಿದ್ದರು. ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ, ಹೆಂಡತಿಯ ತವರೂರೆಂದು ಬಂದು ನೆಲೆಸಿದವರು. ಅವರು ಕಾಕಾನಿಗೆ ಚುಕ್ಕೆ ಗೆರೆಗಳ ಪಾಶ್ಚಾತ್ಯ ಲಿಪಿ ಓದುವುದನ್ನು ಕಲಿಸಿದ್ದು ಕೈಯಿಂದ ಬರೆದ ನಾಲ್ಕು ಹಾಳೆಗಳ ಮೇಲೆ. "ಇದು ದೊಡ್ಡ ನಾಟಕದ್ದು. ಪರದೆ ಏಳೂ ಮುಂಚೆ ಬಾರಿಸೋದು. ಕಂಪನಿ ನಾಟಕದಾಗ ಮೊದಲ ಪೇಟಿ, ತಬಲಾ ಬಾರಿಸ್ತಾರಲ್ಲ, ಹಂಗ" ಎಂದು ಅವರು ಹೇಳಿದ್ದರಂತೆ. ಆ ಹಾಳೆಗಳನ್ನು ಕಾಕಾ ಪೂರ್ತಿ ಊದಲು ಕಲಿಯುವಷ್ಟರಲ್ಲಿ ಮಾಸ್ತರು ತೀರಿಕೊಂಡರು.

ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅವತ್ತು ಕಾಕಾ ಹಿತ್ತಲ ಕಟ್ಟೆಯ ಮೇಲೆ ಕೂತು ಆ ನಾಲ್ಕು ಹಾಳೆ ಊದುತ್ತಿದ್ದ. ವಿಚಿತ್ರ ಹಾಡು ಅದು. ನಾಲ್ಕು ಸ್ವರ ಊದುವನು, ಆಮೇಲೆ ವಾದ್ಯ ತೊಡೆಯ ಮೇಲಿಟ್ಟು ಮೊಣಕಾಲ ಮೇಲೆ ಬೆರಳು ಬಡಿಯುತ್ತ ಸುಮ್ಮನೆ ಕೂಡುವನು. ಒಂದು, ಎರಡು, ಮೂರು... ಒಮ್ಮೊಮ್ಮೆ ಹದಿನೆಂಟರ ತನಕ. ಮತ್ತೆ ಎರಡು ಸ್ವರ. ಮತ್ತೆ ಸುಮ್ಮನೆ. "ನಿಮ್ಮ ಕಾಕಾನ ಹಾಡಿನ್ಯಾಗ ಹಾಡಕಿಂತಾ ಸುಮ್ಮನ ಕುಂದ್ರೋದ ಭಾಳ" ಎಂದು ಚಿಗವ್ವ ನಗುತ್ತಿದ್ದಳು.

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮಕ್ಕನ ನಿಶ್ಚಯವಾಯಿತು. ಬೀಗರೆಲ್ಲ ಊಟ ಮಾಡಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಯಾರೋ ಕಾಕಾನಿಗೆ ಏನಾದರೂ ಊದು ಎಂದರು. ಕಾಕಾ ಯಾವುದಾದರೂ ಸಿನಿಮಾ ಹಾಡು ಊದಬಹುದಿತ್ತು. ಅವತ್ತು ಏನನ್ನಿಸಿತೋ, ಮಾಸ್ತರರ ಹಾಡನ್ನೇ ಶುರು ಮಾಡಿದ. ಊದಿ, ವಾದ್ಯ ಕೆಳಗಿಟ್ಟು, ಎಣಿಸತೊಡಗಿದ. ಜನ ಕಾದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನಾನು ಬಾಗಿಲ ಹತ್ತಿರ ನಿಂತು ಜೋರಾಗಿ ಒದರಿದೆ: "ಮರ್ತಾನ! ಕಾಕಾ ಮರ್ತಾನ!"

ಪಡಸಾಲೆ ಪೂರ್ತಿ ನಕ್ಕಿತು. ಕಾಕಾನೂ ನಕ್ಕ. ಕ್ಲಾರ್ನೆಟ್ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ. ಅವತ್ತಿನಿಂದ ಆ ಹಾಡನ್ನು ಅವನು ಊದಿದ್ದು ನಾನು ಕೇಳಲಿಲ್ಲ, ಒಂದು ಅಮಾವಾಸ್ಯೆಯೂ. ದೊಡ್ಡವಳಾಗುತ್ತ ಹೋದಂತೆ ನನಗೆ ಆ ಒದರಾಟ ನೆನಪಾದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಆದರೆ ಕಾಕಾನ ಮುಂದೆ ಆ ಮಾತು ತೆಗೆಯುವ ಧೈರ್ಯವಾಗಲಿಲ್ಲ.

ಕಾಕಾನನ್ನು ಆ ಆರ್ಕೆಸ್ಟ್ರಾಕ್ಕೆ ಕರೆತರಬೇಕೆಂದು ಶನಿವಾರವೇ ಇಳಕಲ್ಲಿಗೆ ಹೋದೆ. ಕಾಕಾನಿಗೆ ಆಗ ಎಪ್ಪತ್ತೆಂಟು. ಮುಂದಿನ ಹಲ್ಲು ಹೋಗಿ ಊದುವುದು ನಿಂತು ಬಹಳ ವರ್ಷಗಳಾಗಿದ್ದವು.

"ಈಗ ನನಗ ಎದಕ್ಕ ಬೇಕಾಗೈತಿ ಅದೆಲ್ಲಾ? ನೀ ಹೋಗಿ ಬಾ" ಎಂದ.

"ನಲವತ್ತು ಮಂದಿ ಬಾರಿಸ್ತಾರಂತ ಕಾಕಾ. ಪಿಟೀಲು, ಕೊಳಲು, ಕಹಳೆ, ಎಲ್ಲಾ."

"ಬಾರಿಸ್ಲಿ ಬಿಡು." ಎದ್ದು ಒಳಗೆ ಹೊರಟವನು ತಿರುಗಿ, "ಕ್ಲಾರ್ನೆಟ್ ಎಷ್ಟ ಅದಾವಂತ?" ಎಂದು ಕೇಳಿದ.

"ಎರಡು."

ಚಿಗವ್ವ ಒಳಗಿನಿಂದ, "ಆತು ತಗೋ, ಧೋತರ ಇಸ್ತ್ರಿ ಮಾಡಿ ಇಡ್ತೇನಿ" ಎಂದಳು.

ಭಾನುವಾರ ಎಂಟು ಗಂಟೆಗೇ ಬಸ್ಸು ಹಿಡಿದೆವು. ಬೇಕಾದಷ್ಟು ಹೊತ್ತಿತ್ತು. ಅಮೀನಗಡ ದಾಟಿ ಶಿರೂರಿನ ಹತ್ತಿರ ಬಂದಾಗ ಟೈರು ಪಂಕ್ಚರ್ ಆಯಿತು. ಇನ್ನೊಂದು ಟೈರು ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಹಿಂದೆ ಬಂದ ಬಸ್ಸುಗಳು ತುಂಬಿ ತುಳುಕುತ್ತಿದ್ದವು. ಹತ್ತು ಗಂಟೆಯಾಯಿತು, ಹತ್ತೂಕಾಲಾಯಿತು. ನಾನು ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿಯುತ್ತಿದ್ದುದನ್ನು ನೋಡಿ ಉಳ್ಳಾಗಡ್ಡಿ ಚೀಲ ತುಂಬಿದ ಟಂಟಂ ಆಟೋ ಒಂದು ನಿಂತಿತು.

"ಯಾರರ ಆರಾಮಿಲ್ಲೇನ್ರಿ? ದವಾಖಾನಿಗೆ ಹೊಂಟೀರೇನು?" ಎಂದು ಡ್ರೈವರ್ ಗಾಬರಿಯಿಂದ ಕೇಳಿದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ರಿ ಅಣ್ಣಾರ, ನಮ್ಮ ಕಾಕಾಗ ಒಂದು ಬಾಜಾ ಕೇಳಸಬೇಕಾಗೈತಿ. ಹನ್ನೊಂದಕ್ಕ ಶುರು ಆಗತೈತಿ" ಎಂದೆ.

ಅವನು ಕಾಕಾನನ್ನು ಮೇಲಿಂದ ಕೆಳಗೆ ನೋಡಿದ. "ಬಾಜಾಕ್ಕ ಇಷ್ಟ ಅವಸರ ಮಾಡಿದವರನ್ನ ನಾ ಇವತ್ತ ಕಂಡೆ. ಹತ್ತರಿ ಅಜ್ಜಾರ" ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ನಾನು ಹಿಂದೆ ಚೀಲಗಳ ಮೇಲೆ ಕೂತೆ. ಮಾರ್ಕೆಟ್ಟಿಗೆ ಹೋಗಬೇಕಿದ್ದವನು ವಿದ್ಯಾಗಿರಿಗೆ ಸುತ್ತುಹಾಕಿ ಕಾಲೇಜಿನ ಗೇಟಿನ ಒಳಗೇ ತಂದು ಇಳಿಸಿದ. ಅವನ ಹೆಸರು ಕೇಳುವುದನ್ನೂ ಮರೆತೆ.

ಆದರೂ ಹನ್ನೊಂದು ದಾಟಿತ್ತು. ಸಭಾಂಗಣದ ಬಾಗಿಲು ಹಾಕಿದ್ದರು. ನಡುವೆ ಯಾರನ್ನೂ ಬಿಡಬಾರದೆಂದು ತಂಡದವರು ಹೇಳಿದ್ದಾರೆ ಎಂದು ಬಾಗಿಲಲ್ಲಿದ್ದ ನಮ್ಮ ಬಸಣ್ಣ ಕೈ ಮುಗಿದ. ಒಳಗಿನಿಂದ ಸಂಗೀತ ಕೇಳುತ್ತಿತ್ತು. ನಾನು ಬಸಣ್ಣನ ಜೊತೆ ವಾದ ಮಾಡುತ್ತಿದ್ದೆ. ಕಾಕಾ ನನ್ನ ಮುಂಗೈ ಗಟ್ಟಿಯಾಗಿ ಹಿಡಿದ.

"ನೀಲಾ, ಸುಮ್ಮನಿರು."

ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ. ಮುಖದ ಬಣ್ಣವೇ ಬೇರೆಯಾಗಿತ್ತು. "ಇದು ನಮ್ಮದ. ಮಾಸ್ತರದು. ಕಡೀ ಹಾಳಿ ನಡದೈತಿ" ಎಂದ. ಅಷ್ಟರಲ್ಲಿ ಒಳಗೆ ದೊಡ್ಡ ಸದ್ದಾಗಿ ಸಂಗೀತ ನಿಂತಿತು. ಚಪ್ಪಾಳೆ ಬಿತ್ತು. ಬಾಗಿಲು ತೆರೆಯಿತು.

ಹಿಂದಿನ ಸಾಲಿನಲ್ಲಿ ಕೂತೆವು. ಮುಂದೆ ಅವರು ಏನೇನೋ ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ಕಾಕಾ ಕೇಳಲಿಲ್ಲ. ಒಮ್ಮೆ ಮಾತ್ರ, "ಮುಗೀತಲ್ಲವಾ" ಎಂದ, ಯಾರೋ ಊರಿಗೆ ಬಂದು ನಮಗೆ ಸಿಗದೇ ಹೋದರು ಎನ್ನುವ ಹಾಗೆ.

ವಿರಾಮದಲ್ಲಿ ನಾನು ಅವನ ಕೈ ಹಿಡಿದು ವೇದಿಕೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ಪಿಟೀಲು ಒರೆಸುತ್ತಿದ್ದ ಗೋವಾದ ಒಬ್ಬ ಹೆಂಗಸು ಹಿಂದಿಯಲ್ಲಿ ಏನು ಬೇಕೆಂದು ಕೇಳಿದರು. ನಾನು ಗಡಿಬಿಡಿಯಲ್ಲಿ ಅರ್ಧಂಬರ್ಧ ಹೇಳಿದೆ. ಅವರಿಗೆ ತಿಳಿಯಲಿಲ್ಲ. ಆಗ ಕಾಕಾ ಮುಂದೆ ಬಂದು, ಗೋಡೆಗೆ ಕೈ ಊರಿ, ತನ್ನ ಬೊಚ್ಚು ಬಾಯಿಂದ ಹಾಡತೊಡಗಿದ. ಪಂ ಪಂ ಪರಂ. ನಿಲ್ಲಿಸಿ ಬೆರಳು ಎಣಿಸಿದ. ಮತ್ತೆ ಎರಡು ಸ್ವರ. ಮತ್ತೆ ಎಣಿಸಿದ.

ಮೂಲೆಯಲ್ಲಿ ಬಾಳೆಹಣ್ಣು ತಿನ್ನುತ್ತಿದ್ದ ಕೆಂಚು ಕೂದಲ ಹುಡುಗಿಯೊಬ್ಬಳು ಥಟ್ಟನೆ ಎದ್ದು ನಿಂತಳು. ಎದೆ ಮುಟ್ಟಿಕೊಂಡು ಏನೋ ಕೂಗಿದಳು. ಗೋವಾದ ಹೆಂಗಸು ನಗುತ್ತ ನನಗೆ ಹೇಳಿದರು: "ಇವಳು ಎರಡನೆಯ ಕ್ಲಾರ್ನೆಟ್ ನುಡಿಸುವವಳು. ಇದು ನನ್ನ ಪಾಲು, ಇವರಿಗೆ ಹೇಗೆ ಗೊತ್ತು ಅಂತ ಕೇಳುತ್ತಿದ್ದಾಳೆ."

ಮಾಸ್ತರು ಬರೆದುಕೊಟ್ಟಿದ್ದು ಇಡೀ ಸಂಗೀತವಲ್ಲ, ನಲವತ್ತು ಜನರಲ್ಲಿ ಒಬ್ಬ ನುಡಿಸುವ ಪಾಲು ಎಂದು ನನಗೆ ತಿಳಿದದ್ದು ಆಗ. ಕಾಕಾನಿಗೂ ಆಗಲೇ. ಅವನು ಗೋಡೆ ಬಿಟ್ಟು ಅಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟ.

ಅವರ ತಂಡ ನಡೆಸುವವರು ಬಂದರು, ಬಿಳಿ ಗಡ್ಡದ ಎತ್ತರದ ಮನುಷ್ಯ. ವಿಷಯ ಕೇಳಿ ಕಾಕಾನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಕೊನೆಗೆ ಹೇಳಿದ್ದು ಒಂದೇ ಮಾತು. ಗೋವಾದ ಹೆಂಗಸು ಅದನ್ನು ಹಿಂದಿಗೆ ತಿರುಗಿಸಿದರು: "ಕಾರ್ಯಕ್ರಮ ಮುಗಿದ ಮೇಲೆ ಮತ್ತೊಮ್ಮೆ ನುಡಿಸುತ್ತೇವೆ. ಇವರು ನಮ್ಮ ನಡುವೆ ಕೂಡಲಿ."

ಕಾಕಾ ಒಲ್ಲೆನೆಂದ. ಕಾರ್ಯಕ್ರಮ ಮುಗಿದಾಗಲೂ ಚಪ್ಪಲಿ ಬಿಟ್ಟು, ವೇದಿಕೆಯ ಮೆಟ್ಟಿಲ ಬಳಿ ನಿಂತು, "ಅಷ್ಟು ಮಂದ್ಯಾಗ ನಾ ಏನ್ ಮಾಡ್ಲವಾ" ಎಂದ. ಆ ಹುಡುಗಿ ತನ್ನ ಪಕ್ಕ ಒಂದು ಕುರ್ಚಿ ಹಾಕಿ, ಕ್ಲಾರ್ನೆಟ್ಟನ್ನೇ ಅವನ ಮುಂದೆ ಹಿಡಿದಳು. "ಹಲ್ಲಿಲ್ಲ ಮಗಳ, ಬರೇ ಗಾಳಿ ಹೋಗತೈತಿ" ಎಂದು ನಕ್ಕು, ವಾದ್ಯವನ್ನು ಒಮ್ಮೆ ಸವರಿ ವಾಪಸು ಕೊಟ್ಟ. ಆದರೆ ಕೂತ.

ಎಲ್ಲ ವಾದ್ಯಗಳೂ ಕೂಡಿ ಮೂರು ಸಲ ಗಟ್ಟಿಯಾಗಿ ನುಡಿದವು. ನಮ್ಮ ಹಳೆಯ ಸಭಾಂಗಣದ ಕಿಟಕಿ ಗಾಜು ನಡುಗಿತು. ಆಮೇಲೆ ಎಲ್ಲ ಶಾಂತ. ಆ ನಿಶ್ಶಬ್ದದಲ್ಲಿ ಕ್ಲಾರ್ನೆಟ್ಟಿನ ನಾಲ್ಕು ಸ್ವರ ಬಂದವು. ನಾನು ಚಿಕ್ಕವಳಿದ್ದಾಗ ಹಿತ್ತಲಲ್ಲಿ ಕೇಳಿದ್ದ ಅವೇ ನಾಲ್ಕು. ಹುಡುಗಿ ವಾದ್ಯ ತೊಡೆಯ ಮೇಲಿಟ್ಟಳು. ಕಾಕಾನ ಬೆರಳು ಮೊಣಕಾಲ ಮೇಲೆ ಶುರುವಾಯಿತು. ಒಂದು, ಎರಡು, ಮೂರು. ಆಗ ಪಿಟೀಲುಗಳು ಎದ್ದವು. ಮೊದಲು ತಗಡಿನ ಮೇಲೆ ನಾಲ್ಕು ಹನಿ ಬಿದ್ದ ಹಾಗೆ, ಆಮೇಲೆ ಹತ್ತು ಹನಿ, ಆಮೇಲೆ ಎಣಿಸಲಾರದಷ್ಟು. ಕೊಳಲು ಒಂದು ಸಾಲು ಹೇಳಿತು, ಕಹಳೆ ದೂರದಿಂದ ಹೂಂಗುಟ್ಟಿತು, ದಪ್ಪ ಪಿಟೀಲುಗಳು ಕೆಳಗಿನಿಂದ ನಗಾಡಿದವು. ಹದಿನೆಂಟು ಎಣಿಕೆಯ ಆ ಉದ್ದನೆಯ ಜಾಗದಲ್ಲಿ ಒಂದು ರಾಗ ಬಂತು. ಅಷ್ಟು ಸಂತೋಷದ ರಾಗವನ್ನು ನಾನು ಎಂದೂ ಕೇಳಿರಲಿಲ್ಲ. ಮನೆ ತುಂಬ ಮಂದಿ ಬಂದಿಳಿದು ಎಲ್ಲರೂ ಒಮ್ಮೆಲೇ ಮಾತಾಡಿದ ಹಾಗಿತ್ತು. ಹದಿನೆಂಟಕ್ಕೆ ಸರಿಯಾಗಿ ಕಾಕಾ ಬೆರಳೆತ್ತಿದ. ಅದೇ ಕ್ಷಣಕ್ಕೆ ಹುಡುಗಿ ಊದಿದಳು.

ಕಾಕಾ ಅತ್ತಿತ್ತ ನೋಡುತ್ತಿದ್ದ. ಪ್ರತಿ ಎಣಿಕೆಯಲ್ಲೂ ಯಾರು ನುಡಿಸುತ್ತಿದ್ದಾರೆ ಎಂದು ತಿರುಗಿ ತಿರುಗಿ ನೋಡುತ್ತಿದ್ದ. ಬಾಯಿ ತೆರೆದೇ ಇತ್ತು. ಕೊನೆಯಲ್ಲಿ ಸಂಗೀತ ಏರುತ್ತ ಏರುತ್ತ ಹೋಗಿ ನಲವತ್ತೂ ಜನ ಒಟ್ಟಿಗೆ ಬಾರಿಸಿದಾಗ ಅವನು ಗಟ್ಟಿಯಾಗಿ ನಗುತ್ತಿದ್ದುದು ನನಗೆ ಕೆಳಗಿನಿಂದ ಕಾಣಿಸಿತು, ಕೇಳಿಸಲಿಲ್ಲ. ನನಗೆ ಕಣ್ಣು ಒರೆಸಿಕೊಳ್ಳಲೂ ತೋಚಲಿಲ್ಲ. ಬಸಣ್ಣ ಪಕ್ಕದಲ್ಲಿ ನಿಂತು, "ಡ್ಯಾನ್ಸಿಲ್ಲದಿದ್ರೂ ನಡೀತೈತ್ರಿ ಅಕ್ಕಾರ" ಎಂದ.

ಮಧ್ಯಾಹ್ನದ ಬಸ್ಸಿನಲ್ಲಿ ನಾನು ಧೈರ್ಯ ಮಾಡಿದೆ. "ಕಾಕಾ, ಅಕ್ಕನ ನಿಶ್ಚೆದಾಗ ನಾ ಹಂಗ ಒದರಬಾರದಿತ್ತು. ನನ್ನಿಂದನ ನೀ ಊದೋದು ಬಿಟ್ಟಿ."

ಕಾಕಾ ಕಿಟಕಿಯಿಂದ ಮುಖ ತಿರುಗಿಸಿದ. "ಹುಚ್ಚಿ. ನಿನ್ನ ಮಾತಿಗೆ ಬಿಡತೇನೇನ ನಾ? ನನಗ ಮೊದಲಿಂದ್ಲೂ ಸಂಶೇ ಇತ್ತು. ಮಾಸ್ತರಿಗೆ ಪೂರಾ ಬರ್ತಿದ್ದಿಲ್ಲೋ, ನನಗ ಅರ್ಧಾ ಕಲಿಸಿ ಹೋದ್ರೋ ಅಂತ. ಮಂದಿ ನಕ್ಕಾಗ ನಾನೂ ಮಾಸ್ತರನ್ನ ನಂಬಲಿಲ್ಲ. ಅದಕ್ಕ ಬಿಟ್ಟೆ." ಮೊಣಕಾಲ ಮೇಲೆ ಬೆರಳು ಬಡಿದು, "ಖರೇನ ಕಲಿಸಿದ್ರು. ಒಂದ ಎಣಿಕಿನೂ ತಪ್ಪಿಲ್ಲ" ಎಂದ.

ಹುನಗುಂದ ಬಂದಾಗ ಇಳಿಯೋಣ ಎಂದ. ಬಜಾರಿನ ಹಿಂದಿನ ಓಣಿಯಲ್ಲಿ ನಡೆದು ಒಂದು ಝೆರಾಕ್ಸ್ ಅಂಗಡಿಯ ಮುಂದೆ ನಿಂತ. ಒಳಗಿದ್ದ ಹೆಣ್ಣುಮಗಳು, "ಏನ್ ಬೇಕಾಗಿತ್ರಿ ಅಜ್ಜಾರ?" ಎಂದು ಕೇಳಿದಳು.

"ಏನೂ ಬ್ಯಾಡವಾ. ಹಿಂದ ಇಲ್ಲೆ ನಮ್ಮ ಮಾಸ್ತರ ಮನಿ ಇತ್ತು. ಅವರಿಗೆ ಒಂದು ಮಾತು ಹೇಳಿ ಹೋಗೋದಿತ್ತು."

ಅವಳು ನನ್ನ ಮುಖ ನೋಡಿದಳು. ಒಂದು ಸ್ಟೂಲ್ ಹೊರಗೆ ತಂದಿಟ್ಟು, "ಕುಂತು ಹೇಳ್ರಿ" ಎಂದಳು. ಕಾಕಾ ಕೂತ. ಕಣ್ಣು ಮುಚ್ಚಿ, ಕೈ ಜೋಡಿಸಿ ಐದು ನಿಮಿಷ ಸುಮ್ಮನಿದ್ದ. ಏನು ಹೇಳಿದ ಎಂದು ನಾನು ಕೇಳಲಿಲ್ಲ.

ಅಂದು ಬಸ್ಸಿನಲ್ಲಿ ಅವನು ಹೇಳಿದ್ದು ನಿಜವೋ, ನನ್ನ ಸಮಾಧಾನಕ್ಕೆ ಹಾಗೆ ಅಂದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕಾಕಾನಿಗೆ ಈಗ ಕಿವಿ ಮಂದವಾಗಿದೆ. ಆ ಸಂಗೀತವನ್ನು ನಾನು ಮೊಬೈಲಿನಲ್ಲಿ ಎಷ್ಟೋ ಸಲ ಹಾಕಿಕೊಂಡು ಕೇಳಿದ್ದೇನೆ. ಚೆನ್ನಾಗಿದೆ, ಆದರೆ ಅವತ್ತು ಕೇಳಿದ್ದು ಅದಲ್ಲ. ಆ ಭಾನುವಾರ ಒಬ್ಬ ಮುದುಕ ತನ್ನ ಗುರುವಿನ ಮೇಲಿದ್ದ ಸಂಶಯ ಕಳೆದುಕೊಂಡು, ಹುನಗುಂದದ ಬಿಸಿಲಲ್ಲಿ ಹಗುರಾಗಿ ಬಸ್ ಸ್ಟ್ಯಾಂಡಿಗೆ ನಡೆದ. ಚೀಲ ಹಿಡಿದುಕೊಂಡು ಅವನ ಹಿಂದೆ ನಡೆದವಳು ನಾನು. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ನಡೆದ ದಾರಿ ಇನ್ನೊಂದಿಲ್ಲ.